'ಜೀವಚ್ಛವ' ಎಂಬ ಮಾತು ನಮ್ಮ ಬಾಯಿಂದ ಬಾರದಿರಲಿ

ಮೈಸೂರಿನಿಂದ ಗುಂಡ್ಲುಪೇಟೆಗೆ ಸಾಗುವ ಹೆದ್ದಾರಿ ನಮ್ಮ ಬೇಗೂರನ್ನು ಹಾದುಹೋಗುತ್ತದೆ. ಇಂಥ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಎಚ್ಚರ ತಪ್ಪಿದವರ ಸುತ್ತ ಜನ ಸೇರಿದಾಗ, 'ಇನ್ನು ಆಸೆಯಿಲ್ಲ' ಎಂಬ ಮಾತು ಎಲ್ಲಕ್ಕಿಂತ ಮೊದಲು ಕೇಳಿಬರುತ್ತದೆ. ಕೈಗೆ ಕಬ್ಬಿಣ ಹಿಡಿಸುವವರೂ ಬಾಯಿಗೆ ನೀರು ಹನಿಸುವವರೂ ಇದ್ದೇ ಇರುತ್ತಾರೆ. ಆ ನೀರು ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ. ಪರೀಕ್ಷೆಯಿಲ್ಲದೆ ನಾವು ಕೊಡುವ ತೀರ್ಪೂ ಅಷ್ಟೇ ಅಪಾಯಕರವೆಂದು ನಮ್ಮ ಕುಟುಂಬಗಳು ಅರಿಯಬೇಕು.

ವೈದ್ಯರು ಮೊದಲು ಉಸಿರಾಟ, ರಕ್ತದೊತ್ತಡಗಳನ್ನು ಗಮನಿಸಿ, ರಕ್ತದ ಸಕ್ಕರೆಯನ್ನು ನೋಡುತ್ತಾರೆ. ಸಕ್ಕರೆ ಕುಸಿದು ಬಿದ್ದವರು ಗ್ಲೂಕೋಸ್ ಪಡೆದು ಕೆಲವೇ ನಿಮಿಷಗಳಲ್ಲಿ ಕಣ್ತೆರೆಯುವುದುಂಟು. ಬಳಿಕ, ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ಪ್ರಕಟಿಸಿದ ಅಳತೆಯನ್ನು ಬಳಸುತ್ತಾರೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಾಂಗಗಳ ಚಲನೆಗೆ 6, ಹೀಗೆ ಒಟ್ಟು 15 ಅಂಕಗಳು. ಯಾವ ಸ್ಪಂದನವೂ ಇಲ್ಲದವರಿಗೆ 3. ಸಾಮಾನ್ಯವಾಗಿ 8 ಅಥವಾ ಅದಕ್ಕೂ ಕಡಿಮೆಯಾದರೆ ಕೋಮಾ ಎಂದೆಣಿಸುತ್ತಾರೆ. ಕಣ್ಣಿಗೆ ಬೆಳಕು ಬಿಟ್ಟು ಪಾಪೆಗಳನ್ನೂ ಪರೀಕ್ಷಿಸುತ್ತಾರೆ. ತಲೆಗೆ ಪೆಟ್ಟಾದವರಲ್ಲಿ ಒಂದು ಪಾಪೆ ಮಾತ್ರ ಹಿಗ್ಗಿದ್ದರೆ ಮಿದುಳಿನ ಮೇಲೆ ಒತ್ತಡ ಏರುತ್ತಿರಬಹುದು. ಎರಡೂ ಸೂಜಿಮೊನೆಯಷ್ಟು ಕಿರಿದಾಗಿದ್ದರೆ ಕೀಟನಾಶಕದ ವಿಷವನ್ನು ಶಂಕಿಸಬೇಕಾಗುತ್ತದೆ. ಒಮ್ಮೆ ನೋಡಿದರೆ ಸಾಲದು. ಅಂಕ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಮತ್ತೆ ಮತ್ತೆ ನೋಡಬೇಕು.

ಬಂಡೀಪುರದ ಅಂಚಿನ ನಮ್ಮ ರೈತರು ಇನ್ನೊಂದು ಸಂಗತಿಯನ್ನು ತಿಳಿದಿರಲಿ. ಕಟ್ಟುಹಾವಿನ ವಿಷ ಏರಿದವರ ರೆಪ್ಪೆ ಮುಚ್ಚುತ್ತದೆ, ಕೈಕಾಲು ಅಲುಗದು, ಉಸಿರೂ ನಿಲ್ಲುತ್ತದೆ. ಕೆಲವೊಮ್ಮೆ ಪಾಪೆಯೂ ಬೆಳಕಿಗೆ ಸ್ಪಂದಿಸದು. ನೋಡಿದವರಿಗೆ ಸತ್ತಂತೆಯೇ ತೋರುತ್ತದೆ. ಆದರೆ ಒಳಗೆ ಎಚ್ಚರವಿದ್ದು, ಸುತ್ತಲಿನವರ ಮಾತನ್ನೆಲ್ಲ ಅವರು ಕೇಳುತ್ತಿರಬಹುದು. ಸಕಾಲದಲ್ಲಿ ಕೃತಕ ಉಸಿರಾಟವೂ ವಿಷನಿರೋಧಕ ಔಷಧವೂ ದೊರೆತರೆ ಇಂಥವರು ಗುಣವಾಗಿ ಮನೆಗೆ ಮರಳಿಯಾರು.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಅವರನ್ನು ಮರೆಯಲಾದೀತೇ? ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರು 1973ರ ನವೆಂಬರ್ 27ರಂದು ದುಷ್ಕರ್ಮಿಯೊಬ್ಬನ ಕ್ರೌರ್ಯಕ್ಕೆ ತುತ್ತಾಗಿ, 2015ರ ಮೇ 18ರಂದು ನಿಧನರಾಗುವವರೆಗೂ ಹಾಸಿಗೆಯಲ್ಲೇ ಇದ್ದರು. ಲೋಕವೆಲ್ಲ ಅವರು ಕೋಮಾದಲ್ಲಿದ್ದಾರೆಂದೇ ಹೇಳುತ್ತಿತ್ತು. ಆದರೆ ಸುಪ್ರೀಂ ಕೋರ್ಟ್ ನೇಮಿಸಿದ ಮೂವರು ವೈದ್ಯರು 2011ರಲ್ಲಿ ಅವರನ್ನು ಪರೀಕ್ಷಿಸಿ, ಅವರಿಗೆ ಮಿದುಳು ಸಾವು ಸಂಭವಿಸಿಲ್ಲ, ಅವರು ಕೋಮಾದಲ್ಲೂ ಇಲ್ಲ ಎಂದು ವರದಿಯಿತ್ತರು. ಕಣ್ಣು ತೆರೆದಿದ್ದರೂ ಅರಿವು ಮೂಡದ ಸ್ಥಿತಿಯ ಬಹುತೇಕ ಲಕ್ಷಣಗಳು ಅವರಲ್ಲಿದ್ದವು. ನಾಲ್ಕು ದಶಕಗಳ ಕಾಲ ಉಣಿಸಿ, ಮೈ ತೊಳೆದು ಸಲಹಿದ ಅಲ್ಲಿಯ ದಾದಿಯರಿಗೆ ಅವರು ಎಂದೂ ಜೀವಚ್ಛವವಾಗಿರಲಿಲ್ಲ. ಇಂಥ ಸ್ಥಿತಿಯಲ್ಲಿರುವವರೂ ಪೂರ್ಣ ಮನುಷ್ಯರೇ ಎಂದು ಜಗದ್ಗುರು ಎರಡನೇ ಜಾನ್ ಪಾಲರು 2004ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದ್ದರು.

ಹಾಗೆಂದು ಹುಸಿ ಆಸೆಯನ್ನು ನಾವು ಬೋಧಿಸುತ್ತಿಲ್ಲ. ಮಿದುಳು ಸಾವು ಬೇರೆ, ಅದು ಸಾವೇ. ಅಂಗಾಂಗ ಕಸಿಗೆ ಸಂಬಂಧಿಸಿದ 1994ರ ಕಾಯಿದೆಯಂತೆ ನಾಲ್ವರು ವೈದ್ಯರ ಮಂಡಲಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಅದನ್ನು ದೃಢಪಡಿಸಬೇಕು. ಹಾಗೆ ದೃಢಪಟ್ಟ ಬಳಿಕ ಅದನ್ನು ಒಪ್ಪಿಕೊಳ್ಳುವ ಧೈರ್ಯವೂ ನಮಗಿರಬೇಕು.

ಆಸ್ಪತ್ರೆಗೆ ಧಾವಿಸುವಾಗ ನಮ್ಮ ಕೈಲಾಗುವುದು ಸ್ವಲ್ಪವೇ, ಆದರೆ ಅಮೂಲ್ಯ. ರೋಗಿ ಕೊನೆಯದಾಗಿ ಮಾತನಾಡಿದ್ದು ಎಷ್ಟು ಹೊತ್ತಿಗೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೇ, ಫಿಟ್ಸ್ ಬಂದಿತ್ತೇ ಎಂಬುದನ್ನು ವೈದ್ಯರಿಗೆ ತಿಳಿಸೋಣ. ಹತ್ತಿರ ಔಷಧದ ಸೀಸೆ ಬಿದ್ದಿದ್ದರೆ ಅದನ್ನೂ ಒಯ್ಯೋಣ. ಹಾಸಿಗೆಯ ಬಳಿ ನಿಂತು ಆಸ್ತಿಯ ಮಾತನ್ನೂ ಅಂತ್ಯಕ್ರಿಯೆಯ ಮಾತನ್ನೂ ಆಡದೆ, ಅವರ ಹೆಸರು ಹಿಡಿದು ಪ್ರೀತಿಯಿಂದ ಕರೆಯೋಣ. ಅವರಿಗೆ ಕೇಳಿಸುತ್ತಿರಲೂಬಹುದು.