ವೈದ್ಯರ ಸಂಖ್ಯೆ ಹೆಚ್ಚಿದರಷ್ಟೇ ಸಾಲದು

ನಮ್ಮ ದೇಶದಲ್ಲಿ ವೈದ್ಯಶಿಕ್ಷಣವು ಹಿಂದೆಂದೂ ಕಾಣದ ವೇಗದಿಂದ ವಿಸ್ತಾರವಾಗುತ್ತಿದೆ. 2014ರಲ್ಲಿ 387 ಇದ್ದ ವೈದ್ಯಕೀಯ ಕಾಲೇಜುಗಳು ಹತ್ತೇ ವರ್ಷಗಳಲ್ಲಿ 780ಕ್ಕೆ ಏರಿದುವು. 51 ಸಾವಿರದಷ್ಟಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು 1,18,000ವನ್ನು ಮೀರಿದುವು. ಐದು ವರ್ಷಗಳಲ್ಲಿ ಇನ್ನೂ 75,000 ಸ್ಥಾನಗಳನ್ನು ವೈದ್ಯಶಿಕ್ಷಣಕ್ಕೆ ಕೂಡಿಸುವುದಾಗಿ ಕೇಂದ್ರ ಸರಕಾರವು 2025ರ ಮುಂಗಡಪತ್ರದಲ್ಲಿ ಸಾರಿತು. ನಮ್ಮ ಪುಣೆಯೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಬಿ.ಜೆ. ಕಾಲೇಜು, ಸೇನಾಪಡೆಗಳ ಕಾಲೇಜು, ಹಲವು ಖಾಸಗಿ ಸಂಸ್ಥೆಗಳು ಇಲ್ಲಿರುವುದು ಸಾಲದೆಂಬಂತೆ, 2022ರಲ್ಲಿ ಮಹಾನಗರಪಾಲಿಕೆಯೂ ತನ್ನದೇ ಆದ 100 ಸ್ಥಾನಗಳ ಕಾಲೇಜನ್ನು ತೆರೆಯಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಈ ವೈದ್ಯರು ಕಲಿತು ಎಲ್ಲಿಗೆ ಹೋಗುವರು, ಯಾರ ನಾಡಿ ಹಿಡಿಯುವರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯನ್ನು ಹೊರನಾಡ ಕನ್ನಡಿಗರಾದ ನಾವಾದರೂ ಕೇಳಲೇಬೇಕಾಗಿದೆ.

ಸ್ಥಾನಗಳು ಹೆಚ್ಚಿದ ಮಾತ್ರಕ್ಕೆ ಹಳ್ಳಿಗೆ ವೈದ್ಯರು ಬರುವುದಿಲ್ಲ. 2021-22ನೆಯ ಸಾಲಿನ ಸರಕಾರಿ ಅಂಕಿಅಂಶಗಳ ಪ್ರಕಾರ ಗ್ರಾಮಾಂತರದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞವೈದ್ಯರ ಪೈಕಿ ಶೇಕಡಾ 80ರಷ್ಟು ಮಂದಿ ಇರಲೇ ಇಲ್ಲ. ಕಾಲೇಜುಗಳು ಇಮ್ಮಡಿಯಾಗುತ್ತಿದ್ದ ಕಾಲದಲ್ಲಿಯೇ ಈ ಸ್ಥಿತಿ. ಕೆರೆ ತುಂಬಿದರೂ ಕಾಲುವೆ ತೋಡದಿದ್ದರೆ ಕೊನೆಯ ಗದ್ದೆಗೆ ನೀರು ಹರಿಯದಷ್ಟೆ!

ಇದು ದೂರದ ಹಳ್ಳಿಗಳ ಮಾತು ಮಾತ್ರವೆಂದು ವಾಚಕರು ಭಾವಿಸಬಾರದು. ಪುಣೆಯ ಸುತ್ತ ಎದ್ದು ನಿಲ್ಲುತ್ತಿರುವ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಕಡೆಗಳಿಂದ ಗುಳೆ ಬಂದ ನಮ್ಮವರು ಕಲ್ಲು ಮಣ್ಣು ಹೊರುತ್ತಿದ್ದಾರೆ. ಅವರಲ್ಲೊಬ್ಬನಿಗೆ ಕ್ಷಯ ತಗಲಿತೆನ್ನೋಣ. ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಸೇವಿಸಬೇಕು. ಎರಡು ತಿಂಗಳಲ್ಲಿ ಕೆಮ್ಮು ಇಳಿಯುತ್ತದೆ, ಮೈಯಲ್ಲಿ ಕಸುವು ಬರುತ್ತದೆ. ಅಷ್ಟರಲ್ಲಿ ಮಳೆ ಬಿದ್ದು ಬಿತ್ತನೆಗೆ ಊರಿನ ಕರೆ ಬರುತ್ತದೆ, ಇಲ್ಲವೆ ಮುಕಾದಮನು ಬೇರೊಂದು ಕೆಲಸಕ್ಕೆ ಕರೆದೊಯ್ಯುತ್ತಾನೆ, ಔಷಧ ನಿಲ್ಲುತ್ತದೆ. ಹೀಗೆ ನಡುವೆ ಬಿಟ್ಟ ರೋಗವು ಮದ್ದಿಗೆ ಮಣಿಯದ ರೋಗವಾಗಿ ಮರಳಬಹುದು, ಮನೆಮಂದಿಗೂ ಹರಡಬಹುದು. ಗುಳಿಗೆಗಳಿಗೆ ಇಲ್ಲಿ ಕೊರತೆಯಿಲ್ಲದಿರಬಹುದು. ಏಕೆ ಬಿಡಬಾರದೆಂದು ಅವನ ಮಾತಿನಲ್ಲಿ ತಿಳಿಯ ಹೇಳಿ, ಊರಿನ ಆಸ್ಪತ್ರೆಗೆ ಚೀಟಿ ಬರೆದುಕೊಡುವ ವೈದ್ಯನಿಗೆ ಕೊರತೆಯಿದೆ.

ಭಾಷೆಯ ತೊಡಕು ಅಲ್ಪವಾದುದಲ್ಲ. ‘ಸಂಕಟವಾಗುತ್ತದೆ’ ಎಂದು ನಮ್ಮ ಹೆಂಗಸೊಬ್ಬಳು ಹೇಳಿದರೆ ಅದು ದೇಹದ ಬೇನೆ, ಒಳಗಿನ ತಳಮಳ; ಮರಾಠಿಯಲ್ಲಿ ಅದೇ ಶಬ್ದಕ್ಕೆ ಆಪತ್ತು ಎಂಬ ಅರ್ಥ. ರೋಗಿಯ ಬಾಯಿಂದ ರೋಗದ ಕಥೆಯನ್ನು ಹೊರಡಿಸುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು. ಅಲ್ಲಿಯೇ ಎಡವಿದರೆ ಯಂತ್ರಗಳೆಷ್ಟಿದ್ದೇನು?

ಈ ಚರ್ಚೆಗೂ ಪುಣೆಗೂ ಹಳೆಯ ನಂಟಿದೆ. ಬಿ.ಜೆ. ಸಂಸ್ಥೆಯು 1878ರಲ್ಲಿ ಆರಂಭವಾದದ್ದು ಕಾಲೇಜಾಗಿ ಅಲ್ಲ, ವೈದ್ಯಕೀಯ ಶಾಲೆಯಾಗಿ. ಇಂತಹ ಶಾಲೆಗಳಲ್ಲಿ ಪದವಿಗಿಂತ ಕಿರಿದಾದ ಶಿಕ್ಷಣ ಪಡೆದ ಲೈಸೆನ್ಷಿಯೇಟರು ಸಣ್ಣ ಊರುಗಳಲ್ಲಿ ವೃತ್ತಿ ನಡೆಸುತ್ತಿದ್ದರು. 1946ರಲ್ಲಿ ಭೋರ್ ಸಮಿತಿ ವರದಿಯಿತ್ತಾಗ ದೇಶದ ಸುಮಾರು 47,500 ವೈದ್ಯರಲ್ಲಿ ಹೆಚ್ಚುಕಡಿಮೆ 30,000 ಮಂದಿ ಇಂಥವರೇ. ಇನ್ನು ಮುಂದೆ ಒಂದೇ ದರ್ಜೆಯ ವೈದ್ಯರಿರಲಿ ಎಂದು ಸಮಿತಿಯು ಸಲಹೆಮಾಡಿತು. ಕೆಲವು ಸದಸ್ಯರು ಭಿನ್ನಮತ ಬರೆದರು. ಅದೇ ವರ್ಷ ಬಿ.ಜೆ. ಶಾಲೆಯು ಕಾಲೇಜಾಯಿತು. ಬಡವನಿಗೊಬ್ಬ ಅರೆವೈದ್ಯ, ಸಿರಿವಂತನಿಗೊಬ್ಬ ಪೂರ್ಣವೈದ್ಯ ಎಂಬ ಭೇದ ಕೂಡದೆಂಬ ತತ್ತ್ವವನ್ನು ನಾವೂ ಒಪ್ಪುತ್ತೇವೆ. ಆದರೆ ಪೂರ್ಣವೈದ್ಯನು ಬಡವನ ಬಾಗಿಲಿಗೆ ಬರುವ ಏರ್ಪಾಡನ್ನು ದೇಶವು ಇನ್ನೂ ಪೂರೈಸಿಲ್ಲ.

ಏರ್ಪಾಡು ಅಸಾಧ್ಯವೇನಲ್ಲ. ಮಹಾರಾಷ್ಟ್ರದಲ್ಲಿಯೇ 1969ರಲ್ಲಿ ಡಾ. ಸುಶೀಲಾ ನಯ್ಯರರು ಸೇವಾಗ್ರಾಮದಲ್ಲಿ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿಯ ವಿದ್ಯಾರ್ಥಿಗಳು ಹಳ್ಳಿಯಲ್ಲಿದ್ದು ಹಳ್ಳಿಯ ಕುಟುಂಬಗಳ ಆರೋಗ್ಯವನ್ನು ಗಮನಿಸುವುದು ಪಾಠದ ಅಂಗವೇ ಆಯಿತು. ಜಪಾನಿನಲ್ಲಿ 1972ರಲ್ಲಿ ಸ್ಥಾಪಿತವಾದ ಜಿಚಿ ವೈದ್ಯಕೀಯ ವಿದ್ಯಾಲಯವು ಪ್ರತಿಯೊಂದು ಪ್ರಾಂತದಿಂದಲೂ ಕೆಲವೇ ವಿದ್ಯಾರ್ಥಿಗಳನ್ನು ಆರಿಸಿ, ಶುಲ್ಕವನ್ನು ಸಾಲವಾಗಿ ಕೊಟ್ಟು, ಅವರು ತಮ್ಮ ಪ್ರಾಂತಕ್ಕೆ ಮರಳಿ ಸಾಮಾನ್ಯವಾಗಿ ಒಂಬತ್ತು ವರ್ಷ ಸೇವೆಮಾಡಿದರೆ ಆ ಸಾಲವನ್ನು ಮನ್ನಾ ಮಾಡುತ್ತದೆ. ಹಿಂದುಳಿದ ಪ್ರದೇಶದಲ್ಲಿ ಬೆಳೆದವರನ್ನೇ ಆರಿಸಿ ಕಲಿಸಿದರೆ ಅವರು ಅಲ್ಲಿ ನೆಲೆಸುವ ಸಂಭವ ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಎತ್ತಿಹಿಡಿದಿದೆ.

ಕಡ್ಡಾಯ ಸೇವೆಯ ಕರಾರು ಇದೆಯಲ್ಲ ಎಂದು ಕೆಲವರು ಹೇಳಬಹುದು. ಇದೆ, ಮಹಾರಾಷ್ಟ್ರದ ಸರಕಾರಿ ಕಾಲೇಜುಗಳಲ್ಲಿ ಕಲಿತವರು ಒಂದು ವರ್ಷದ ಸೇವೆಗೆ ಕರಾರು ಬರೆದುಕೊಡಬೇಕು. ಇಂತಹ ಕರಾರುಗಳು ನ್ಯಾಯಸಮ್ಮತವೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ತೀರ್ಪಿತ್ತಿತು. ಆದರೆ ದಂಡ ತೆತ್ತು ಬಿಡಿಸಿಕೊಳ್ಳಬಹುದಾದ ಕರ್ತವ್ಯವು ಉಳ್ಳವರಿಗೆ ಕರ್ತವ್ಯವಾಗಿ ಉಳಿಯುವುದಿಲ್ಲ. ಮೇಲಾಗಿ, ದಾದಿಯಿಲ್ಲದ, ರಕ್ತಪರೀಕ್ಷೆಗೆ ಅನುಕೂಲವಿಲ್ಲದ, ವಸತಿಯಿಲ್ಲದ ಕೇಂದ್ರಕ್ಕೆ ಎಳೆಯ ವೈದ್ಯನೊಬ್ಬನನ್ನು ಅಟ್ಟಿ, ಅವನು ನಿಲ್ಲಲಿಲ್ಲವೆಂದು ದೂರುವುದು ನ್ಯಾಯವಲ್ಲ. ತ್ಯಾಗವನ್ನು ಬೋಧಿಸುವ ಸರಕಾರವು ಸೌಕರ್ಯವನ್ನೂ ಒದಗಿಸತಕ್ಕದ್ದು.

ಆದುದರಿಂದ ನಮ್ಮ ಬಿನ್ನಹಗಳು ಮೂರು. ಹೊಸದಾಗಿ ಹೆಚ್ಚಿಸುವ ಸ್ಥಾನಗಳಲ್ಲಿ ಒಂದು ಪಾಲನ್ನು ವೈದ್ಯರ ಕೊರತೆಯಿರುವ ತಾಲೂಕುಗಳ ಮಕ್ಕಳಿಗೆ, ಮರಳಿ ಸೇವೆಮಾಡುವ ಒಪ್ಪಂದದ ಮೇಲೆ, ಪೂರ್ಣ ವೆಚ್ಚದೊಡನೆ ಕೊಡಬೇಕು; ಜತ್ತ, ಅಕ್ಕಲಕೋಟೆಗಳಂತಹ ಗಡಿತಾಲೂಕುಗಳ ಕನ್ನಡ ಮಕ್ಕಳಿಗೂ ಅದರಲ್ಲಿ ಎಡೆ ದೊರೆಯಬೇಕು. ಎರಡನೆಯದಾಗಿ, ವಿದ್ಯಾರ್ಥಿಯು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ನೋಡಿಕೊಳ್ಳಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2021-22ರಿಂದ ಪಠ್ಯದಲ್ಲಿ ಸೇರಿಸಿದೆಯಷ್ಟೆ. ಪುಣೆಯ ಕಾಲೇಜುಗಳು ಕಟ್ಟಡಕಾರ್ಮಿಕರ ಬಿಡಾರಗಳನ್ನೂ ಈ ಲೆಕ್ಕಕ್ಕೆ ತರಬೇಕು. ಮೂರನೆಯದಾಗಿ, ಹೊಸ ವಿದ್ಯಾರ್ಥಿಗಳ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಗೆ ಅವಕಾಶವಿದೆ. ಪುಣೆ, ಸೊಲ್ಲಾಪುರಗಳಲ್ಲಿ ಮರಾಠಿಯ ಜೊತೆಗೆ ರೋಗಿಯೊಡನೆ ಮಾತಾಡುವಷ್ಟು ಕನ್ನಡವನ್ನೂ ಕಲಿಸಿದರೆ ಮರಾಠಿಗೆ ಕುಂದೇನೂ ಬಾರದು.

ಸರಕಾರವನ್ನು ಕೇಳಿದಷ್ಟಕ್ಕೇ ನಮ್ಮ ಹೊಣೆ ತೀರಲಿಲ್ಲ. 1956ರವರೆಗೆ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದುವು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ತೆರೆದುದು 1957ರಲ್ಲಿ. ಇಂದು ಕರ್ನಾಟಕದಲ್ಲಿ ಕಾಲೇಜುಗಳಿಗೆ ಬರವಿಲ್ಲ, ಪುಣೆಯಲ್ಲಿ ಕನ್ನಡ ವೈದ್ಯರಿಗೂ ಬರವಿಲ್ಲ. ಇಲ್ಲಿಯ ಕನ್ನಡ ಮಾಧ್ಯಮದ ಶಾಲೆಯೊಂದು ವೈದ್ಯರಾದ ಡಾ. ಕಲ್ಮಾಡಿ ಶಾಮರಾಯರ ಹೆಸರನ್ನು ಹೊತ್ತಿರುವುದು ಈ ಸಮಾಜಕ್ಕೆ ಭೂಷಣ. ನಮ್ಮ ವೈದ್ಯರು ವಾರಕ್ಕೊಂದು ಸಂಜೆಯನ್ನು ಕಾರ್ಮಿಕರ ಬಿಡಾರಗಳಿಗೆ ಮೀಸಲಿಡಲಿ. ನಮ್ಮ ಯುವಕರು ಸರಕಾರಿ ಆಸ್ಪತ್ರೆಗಳಲ್ಲಿ ಕನ್ನಡದ ರೋಗಿಗಳಿಗೆ ದುಭಾಷಿಗಳಾಗಿ ನಿಲ್ಲಲಿ. ನಮ್ಮ ಸಂಘಗಳು ಸಮಾರಂಭದ ವೆಚ್ಚದಲ್ಲಿ ಸ್ವಲ್ಪ ಉಳಿಸಿ, ಕಾರ್ಮಿಕನ ಮನೆಯ ಒಬ್ಬಳು ಮಗಳನ್ನಾದರೂ ವೈದ್ಯೆಯನ್ನಾಗಿ ಓದಿಸಲಿ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಬಾಗಿಲು ತೆರೆದಿದೆ; ಅದರವರೆಗೆ ಆ ಮಗಳ ಕೈಹಿಡಿದು ನಡೆಸುವ ಕೆಲಸ ನಮ್ಮದು.