ನೆಲಕ್ಕೆ ಬಿದ್ದ ಬೆವರು

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಗೋಡೆ ಕಾಣುವುದಿಲ್ಲ, ಕೋಚಿಂಗ್ ಸೆಂಟರುಗಳ ಬೋರ್ಡುಗಳೇ ಕಾಣುತ್ತವೆ. ಅಲ್ಲಿ ರಾತ್ರಿ ಲೆಕ್ಕ ಬಿಡಿಸುವ ಹುಡುಗರು ಕಾನ್‌ಸ್ಟೇಬಲ್ ಪರೀಕ್ಷೆಯ 1600 ಮೀಟರ್ ಓಟಕ್ಕೆಂದು ಬೆಳಗಿನ ಜಾವ ಬೀಚ್ ರಸ್ತೆಗೆ ಇಳಿಯುತ್ತಾರೆ. ಮೇ ತಿಂಗಳಲ್ಲಿ ಒಂದು ದಿನ, ನೀರಿನ ಬಾಟಲಿಗೆ ಕೈಹಾಕಿದವನನ್ನು ತರಬೇತುದಾರ ಗದರಿದ್ದನ್ನು ಕೇಳಿದೆ: "ನೀಳ್ಳು ತರ್ವಾತ!" ನೀರು ಆಮೇಲೆ. ಹುಡುಗನ ಬನಿಯನ್ ಹಿಂಡಿದರೆ ಚೊಂಬು ತುಂಬುವಂತಿತ್ತು. ಅದನ್ನೇ ತೋರಿಸಿ ಆತ ಉಳಿದವರಿಗೆ ಹೇಳಿದ, ಬೆವರು ಹೀಗೆ ಸುರಿಯಬೇಕು.

ಶುದ್ಧ ಅಜ್ಞಾನ. ಮೈಯನ್ನು ತಂಪಾಗಿಸುವುದು ಸುರಿಯುವ ಬೆವರಲ್ಲ, ಆರುವ ಬೆವರು. ಓಡುವಾಗ ಸ್ನಾಯು ಖರ್ಚು ಮಾಡುವ ಶಕ್ತಿಯ ಮುಕ್ಕಾಲು ಪಾಲು ಶಾಖವಾಗುತ್ತದೆ. ಅದನ್ನು ಹೊರಹಾಕಲು ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕು, ಕಾಲಿಗೂ ಕಳಿಸಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಕಳೆಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ್ದು ಬರೀ ನಷ್ಟ: ನೀರೂ ಹೋಯಿತು, ಉಪ್ಪೂ ಹೋಯಿತು. ಹೀಗೆ ರಕ್ತದ ನೀರಿನಂಶ ಇಳಿದಂತೆಲ್ಲ, ಓಟದ ವೇಗ ಅಷ್ಟೇ ಇದ್ದರೂ ಎದೆಬಡಿತ ಏರುತ್ತದೆ.

ವಿಜಯವಾಡದವರು ನಮ್ಮನ್ನು ಕಂಡು ನಗುತ್ತಾರೆ, ಮೂವತ್ತನಾಲ್ಕು ಡಿಗ್ರಿಯೂ ಒಂದು ಬಿಸಿಲೇ ಎಂದು. ಹವಾಮಾನ ಇಲಾಖೆಯ ಅಳತೆಗೋಲೂ ಹೆಚ್ಚುಕಡಿಮೆ ಅದೇ: ಕರಾವಳಿಯಲ್ಲಿ 37 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಬಿಸಿಗಾಳಿ. ಸಮುದ್ರದ ತೇವ ಬೆವರನ್ನು ಆರಗೊಡದ 34ರ ದಿನಕ್ಕೆ ಅದರಲ್ಲಿ ಹೆಸರೇ ಇಲ್ಲ. ಗಾಳಿಯ ತೇವಾಂಶ ಸಾಮಾನ್ಯವಾಗಿ ಅತಿ ಹೆಚ್ಚಿರುವುದು ಬೆಳಗಿನ ಜಾವದಲ್ಲೇ. ಬೆಳಗಿನ ಓಟ ಬೇಡ ಎನ್ನುತ್ತಿಲ್ಲ, ಮಧ್ಯಾಹ್ನಕ್ಕಿಂತ ಅದೇ ಮೇಲು. ಆದರೆ ಗಡಿಯಾರ ನೋಡಿ ನಿಶ್ಚಿಂತರಾಗುವವರ ಮೇಲೆ ನನಗೆ ಸಿಟ್ಟು. 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಯ 10 ಕಿಲೋಮೀಟರ್ ಓಟದ ಸಂದರ್ಭದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಅದು ಆಗಸ್ಟ್ ಕೊನೆ, ಮಳೆಗಾಲದ ಸೆಕೆ. ಸರ್ಕಾರ ಕಂಡುಕೊಂಡ ಪರಿಹಾರಗಳಲ್ಲಿ ಒಂದು, ಬೆಳಗ್ಗೆ ಒಂಬತ್ತರ ಮೇಲೆ ಓಡಿಸಬೇಡಿ ಎಂಬುದು.

ಗಣಿಯ ಸೆಕೆಯಲ್ಲಿ ಲೆಕ್ಕಕ್ಕೆ ಬರುವುದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಎಂದು ಹಾಲ್ಡೇನ್ 1905ರಲ್ಲೇ ತೋರಿಸಿದ್ದ. ಅಮೆರಿಕದ ನೌಕಾಪದಾತಿ ದಳ ತನ್ನ ಹೊಸಬರು ತರಬೇತಿಯಲ್ಲೇ ಕುಸಿಯುವುದನ್ನು ಕಂಡು 1950ರ ದಶಕದಲ್ಲಿ ಅದೇ ತತ್ತ್ವದ ಮೇಲೆ ಕವಾಯತು ನಿಲ್ಲಿಸುವ ನಿಯಮ ಮಾಡಿತು. ಸೈನ್ಯಕ್ಕಿಂತ ನಮ್ಮ ಕೋಚಿಂಗಿನವರು ಗಟ್ಟಿಗರೋ ಏನೋ.

"ರೂಢಿಯಾದರೆ ಎಲ್ಲ ಸರಿಹೋಗುತ್ತದೆ" ಎನ್ನುತ್ತಾರೆ. ಅರ್ಧ ನಿಜ. ಹತ್ತು ಹದಿನಾಲ್ಕು ದಿನ ಸ್ವಲ್ಪಸ್ವಲ್ಪವೇ ಹೆಚ್ಚಿಸಿದರೆ ರಕ್ತದ ದ್ರವ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಮೂರು ನಾಲ್ಕು ವಾರ ಬಿಟ್ಟರೆ ಹೋಗಿಯೂ ಬಿಡುತ್ತದೆ. ನೀರಿಲ್ಲದೆ ಇರುವುದು ಮಾತ್ರ ರೂಢಿಯಾಗುವಂಥದ್ದಲ್ಲ. ರೂಢಿಯಾದ ಮೈ ಇನ್ನೂ ಹೆಚ್ಚು ಬೆವರುವುದರಿಂದ ಅದಕ್ಕೆ ನೀರು ಹೆಚ್ಚೇ ಬೇಕು.

ಓಡುತ್ತಿದ್ದ ಹುಡುಗ ತಡವರಿಸಿ, ಅಸಂಬದ್ಧ ಮಾತಾಡತೊಡಗಿದರೆ ಮೈಯೊಳಗೆ 40 ಡಿಗ್ರಿ ದಾಟಿರಬಹುದು. ಆಗ ಆಟೋ ಹುಡುಕುತ್ತ ನಿಲ್ಲಬಾರದು. ಆಂಬುಲೆನ್ಸಿಗೆ ಫೋನು ಮಾಡಿ, ಅದು ಬರುವ ಮೊದಲೇ ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸಿ, ತಲೆ ಹಿಡಿದುಕೊಂಡಿರಬೇಕು. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿಸಿದರೆ ಬದುಕುವ ಸಾಧ್ಯತೆ ತುಂಬ ಹೆಚ್ಚು. ಬೇಕಾದ್ದು ಒಂದು ದೊಡ್ಡ ಟಬ್ಬು, ನೀರು, ಐಸು. ಮೀನು ಬಂದರಿನ ಊರಿನಲ್ಲಿ ಐಸಿಗೆ ಬರವೇ?