ದೇವರ ಹೆಸರಿಗೆ ಸುಳ್ಳು ಲೆಕ್ಕ ಬರೆಯಬೇಡಿ



ಸಾವಾದ ಮನೆಗೆ ಹೋದಾಗ ನಮ್ಮವರ ಬಾಯಿಂದ ಒಂದು ಮಾತು ತಾನಾಗಿ ಬರುತ್ತದೆ: "ದೇವರ ಚಿತ್ತ, ಏನು ಮಾಡುವುದು?" ನೊಂದವರಿಗೆ ಸಮಾಧಾನವಾಗಲೆಂದೇ ಹೇಳುತ್ತಾರೆ. ಆದರೆ ಈ ಮಾತನ್ನು ಎಲ್ಲೆಂದರಲ್ಲಿ ಆಡುವುದು ವಿಶ್ವಾಸವಲ್ಲ, ದೇವರ ಮೇಲೆ ಅಪವಾದ ಹೊರಿಸುವುದು ಎಂದೇ ನನ್ನ ವಾದ. ಉಪದೇಶಿಯಾದವನು ಹೀಗೆ ಬರೆಯಬಹುದೇ ಎನ್ನುವವರು ಪೂರ್ತಿ ಓದಿ ಆಮೇಲೆ ಬಯ್ಯಲಿ.

ನಮ್ಮ ಪೆದ್ದೆಮುಲ್‌ಗೆ ಹತ್ತಿರದ ಪೇಟೆ ತಾಂಡೂರು. 2025ರ ನವೆಂಬರ್ 3ರ ಬೆಳಿಗ್ಗೆ ತಾಂಡೂರಿನಿಂದ ಹೈದರಾಬಾದಿಗೆ ಹೊರಟ ಸರ್ಕಾರಿ ಬಸ್ಸಿಗೆ ಚೇವೆಳ್ಳದ ಹತ್ತಿರ ಕಂಕರು ತುಂಬಿದ ಟಿಪ್ಪರ್ ಬಡಿಯಿತು. ಕಂಕರೆಲ್ಲ ಬಸ್ಸಿನೊಳಗೆ ಕುಳಿತವರ ಮೇಲೆ ಸುರಿಯಿತು. 19 ಜನ ಸತ್ತರು. ಆ ರಸ್ತೆಯನ್ನು ಅಗಲ ಮಾಡಿರೆಂದು ಜನ ವರ್ಷಗಟ್ಟಲೆ ಕೇಳುತ್ತಲೇ ಇದ್ದರು. ಕಂಕರು ತುಂಬಿದವರು ಯಾರು? ರಸ್ತೆಯ ಕೆಲಸವನ್ನು ತಡಮಾಡಿದವರು ಯಾರು? ದೇವರೇ?

ಇದು ರಸ್ತೆಯ ಮಾತಾಯಿತು. ನೀವು ಮಲಗುವ ಲೈನ್ ಮನೆಗಳ ಮಾತಿಗೆ ಬರೋಣ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರಿನ ಪೆಟ್ಟಿಮುಡಿಯಲ್ಲಿ ಗುಡ್ಡ ಜರಿದು ಚಹಾ ತೋಟದ ಲೈನುಗಳು ಹೂತುಹೋದವು. 70 ಜನ ಸತ್ತರು. ಕರೆಂಟಿಲ್ಲ, ಫೋನಿಲ್ಲ; ಸುದ್ದಿ ಹೊರಗೆ ಬಂದದ್ದು ಬೆಳಗಾದ ಮೇಲೆ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆಗಳಲ್ಲಿ 250ಕ್ಕೂ ಹೆಚ್ಚು ಜನ ಹೋದರು. ಚಾಮರಾಜನಗರದ ಕಡೆಯಿಂದ ಹೊಟ್ಟೆಪಾಡಿಗೆ ಹೋದ ನಮ್ಮ ಕನ್ನಡದ ಕುಟುಂಬಗಳೂ ಅಲ್ಲಿದ್ದವು.

ಮಳೆ ಸುರಿಸುವವನು ದೇವರು, ಒಪ್ಪಿದೆ. ಆದರೆ 1984ರಲ್ಲೇ ಆ ಮುಂಡಕೈಯಲ್ಲಿ ಗುಡ್ಡ ಜರಿದಿತ್ತು. 2019ರಲ್ಲಿ ಹತ್ತಿರದ ಪುತ್ತುಮಲೆಯಲ್ಲಿ ಜರಿದು 17 ಜನ ಸತ್ತಿದ್ದರು. ಆ ವೈತಿರಿ ತಾಲ್ಲೂಕು ಅತಿ ಸೂಕ್ಷ್ಮ ಪ್ರದೇಶವೆಂದು ಮಾಧವ ಗಾಡ್ಗೀಳರ ಸಮಿತಿ 2011ರಲ್ಲೇ ಸರ್ಕಾರಕ್ಕೆ ಬರೆದು ಕೊಟ್ಟಿತ್ತು. ಇಷ್ಟಾದ ಮೇಲೂ ಕೂಲಿಯವರ ಮಕ್ಕಳು ಆ ಗುಡ್ಡದ ಕೆಳಗೇ ಮಲಗಿದ್ದರು. ಮಳೆ ದೇವರದು. ಮನೆ ಎಲ್ಲಿರಬೇಕೆಂದು ಗೊತ್ತುಮಾಡಿದವರು ಮನುಷ್ಯರು.

"ದೇವರ ಚಿತ್ತ" ಎಂಬ ಮಾತಿಗೆ ರೂಪಾಯಿ ಲೆಕ್ಕದಲ್ಲಿಯೂ ಬೆಲೆಯುಂಟು. ಅದು ನಿಮಗೆ ಗೊತ್ತಿರಲಿ. ತೋಟದವರು ಕೊಟ್ಟ ಮನೆ ಕುಸಿದು ಕೆಲಸಗಾರರಾಗಲಿ ಅವರ ಮನೆಯವರಾಗಲಿ ಸತ್ತರೆ ಮಾಲೀಕರು ಪರಿಹಾರ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಗೆ 1981ರಲ್ಲಿ ತಿದ್ದುಪಡಿ ತಂದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ನಿಯಮ ಉಳಿದಿದೆ. ಆದರೆ ಅದಕ್ಕೊಂದು ಬಾಗಿಲು ಇಟ್ಟಿದ್ದಾರೆ: ಮನೆ ಬಿದ್ದದ್ದು ಕೇವಲ ಪ್ರಕೃತಿ ವಿಕೋಪದಿಂದ ಎಂದಾದರೆ ಈ ಹೊಣೆ ಮಾಲೀಕರ ಮೇಲೆ ಬರುವುದಿಲ್ಲ. ಈಗ ಯೋಚಿಸಿ. ಬಿರುಕು ಬಿಟ್ಟ ಗೋಡೆ ಬಿದ್ದು ಮಗು ಸತ್ತಾಗ, ಅಳುತ್ತಿರುವ ತಾಯಿಯ ಮುಂದೆ ನಿಂತು "ಎಲ್ಲಾ ದೇವರ ಚಿತ್ತ" ಎನ್ನುವ ನಾವು ಯಾರ ಕೆಲಸ ಮಾಡಿಕೊಡುತ್ತಿದ್ದೇವೆ? ದೇವರದೋ, ಮಾಲೀಕರದೋ?

ವೇದವನ್ನೇ ತೆಗೆದು ನೋಡಿ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನದಲ್ಲಿ, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕೆಂದು ಅಪ್ಪಣೆಯಾಗಿದೆ. ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯವನದು. ದೇವರೇ ಮನೆ ಕಟ್ಟಿದವನ ಮೇಲೆ ಹೊರಿಸಿದ ಹೊಣೆಯನ್ನು ನಾವು ತೆಗೆದು ತಿರುಗಿ ದೇವರ ಮೇಲೆ ಹೊರಿಸಬಹುದೇ?

ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತರು. ಅಲ್ಲಿಯವರೆಗೆ ಸರಿಯಾಗಿಯೇ ನಡೆದುಕೊಂಡರು. ಬಾಯಿ ತೆರೆದು ದೇವರ ಪರವಾಗಿ ವಕಾಲತ್ತು ಮಾಡಲು ಹೊರಟಾಗ ಕೆಟ್ಟರು. ಕೊನೆಗೆ ದೇವರ ಕೋಪ ಯಾರ ಮೇಲೆ ಬಂತು? ಗೋಳಾಡಿ ಪ್ರಶ್ನೆ ಕೇಳಿದ ಯೋಬನ ಮೇಲಲ್ಲ. ಅವನಿಗೆ ಉಪದೇಶ ಮಾಡಿದವರ ಮೇಲೆ. ಸಿಲೋವದ ಬುರುಜು ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ಪಾಪಿಗಳಾಗಿದ್ದರು ಎಂಬ ಮಾತನ್ನು ಯೇಸುಸ್ವಾಮಿ ಒಪ್ಪಲಿಲ್ಲ. ಆದ್ದರಿಂದ, ಸತ್ತವರ ಮನೆಗೆ ಬಂದು ಪಾಪದ ಲೆಕ್ಕ ಹಾಕುವವರೇ, ದಯವಿಟ್ಟು ಬರಬೇಡಿ. ಬಂದರೆ ಗಂಜಿ ತನ್ನಿ.

ಇನ್ನೊಂದು ಕಡೆ ಸಂಘದ ಕೆಲವು ಗೆಳೆಯರು ಹೇಳುತ್ತಾರೆ: "ಹಾಗಾದರೆ ಪ್ರಾರ್ಥನೆ ಬಿಡಿ ಅಣ್ಣಾ, ದೇವರಿಂದ ಏನಾಯಿತು?" ಅವರಿಗೂ ನನ್ನ ಉತ್ತರವುಂಟು. ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದ ಕೂಲಿಗಳ ಕೂಗು ಮೊದಲು ಮುಟ್ಟಿದ್ದು ಯಾರ ಕಿವಿಗೆ? ಫರೋಹನು ಕೇಳಲಿಲ್ಲ, ದೇವರು ಕೇಳಿದನು. ಆ ಭರವಸೆಯಿದ್ದುದರಿಂದಲೇ ಮೋಶೆ ಅರಸನ ಮುಂದೆ ಹೋಗಿ ನಿಂತನು. ಮಗನನ್ನು ಹೂಳಿ ಬಂದ ತಾಯಿಗೆ ಪರಿಹಾರದ ಹಣದಿಂದ ಮಗ ಸಿಗುವುದಿಲ್ಲ, ಸಂಘದಿಂದಲೂ ಸಿಗುವುದಿಲ್ಲ. ನಡುರಾತ್ರಿ ಅವಳ ಜೊತೆ ಎಚ್ಚರವಾಗಿರುವವನು ಒಬ್ಬನೇ. ಲಾಜರನ ಗೋರಿಯ ಮುಂದೆ ಅತ್ತ ಕರ್ತನು ಅವನು. ಆದರೆ ಗೋರಿಯ ಕಲ್ಲನ್ನು ಉರುಳಿಸಿರೆಂದು ಅವನು ಹೇಳಿದ್ದು ಅಲ್ಲಿ ನಿಂತಿದ್ದ ಜನರಿಗೆ. ಜೀವ ಕೊಡುವುದು ಅವನ ಕೆಲಸ, ಕಲ್ಲು ಉರುಳಿಸುವುದು ನಮ್ಮ ಕೆಲಸ.

ಆ ಕೆಲಸವನ್ನು ಈ ಮಳೆಗಾಲಕ್ಕೆ ಮುಂಚೆ ಮಾಡೋಣ. ಲೈನಿನ ಗೋಡೆಯಲ್ಲಿ ಬಿರುಕು ಕಂಡರೆ, ಹಿಂದಿನ ಬರೆಯಿಂದ ಕೆಸರು ನೀರು ಬಂದರೆ, ಮೇಸ್ತ್ರಿಗೆ ಬಾಯಲ್ಲಿ ಹೇಳಿ ಬಿಡಬೇಡಿ. ಕಾಗದದಲ್ಲಿ ಬರೆದು ಆಫೀಸಿಗೆ ಕೊಟ್ಟು, ಒಂದು ಪ್ರತಿಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ಅನಾಹುತವಾದ ಮೇಲೆ ಯಾರಾದರೂ ಕಾಗದ ತಂದು ಹೆಬ್ಬೆಟ್ಟು ಒತ್ತಿರೆಂದರೆ, ಓದಿಸಿ ಕೇಳುವವರೆಗೆ ಒತ್ತಬೇಡಿ. ಓದು ಬಲ್ಲ ಮಕ್ಕಳನ್ನು ಕರೆಯಿರಿ, ಸಂಘದವರನ್ನು ಕರೆಯಿರಿ. ಇದು ಅವಿಶ್ವಾಸವಲ್ಲ. ಮಾಳಿಗೆಗೆ ಗೋಡೆ ಕಟ್ಟಿರೆಂದ ದೇವರಿಗೆ ತೋರಿಸುವ ವಿಧೇಯತೆ.

ದುಃಖ ಬಂದಾಗ ದೇವರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅವನ ಹೆಸರಿನ ಹಿಂದೆ ಅಡಗಿಕೊಳ್ಳುವವರನ್ನು ಮಾತ್ರ ಬಿಡಬೇಡಿ. ಕರ್ತನು ನಿಮ್ಮ ಲೈನುಗಳನ್ನೂ ನಿಮ್ಮ ಮಕ್ಕಳನ್ನೂ ಕಾಯಲಿ.

ನಿಮ್ಮ ಸೇವೆಯಲ್ಲಿರುವ,
ಒಬ್ಬ ಉಪದೇಶಿ, ಪೆದ್ದೆಮುಲ್